ದ್ವಿಚಕ್ರ ವಾಹನದ ಟೈರು: ಕೊಳ್ಳುವಾಗ ಲೆಕ್ಕ, ಕೂರಿಸುವಾಗ ಎಚ್ಚರ

ನಮ್ಮ ಭಾಗದ ಸಣ್ಣ ವರ್ತಕರ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಪೆಟ್ರೋಲಿನ ಬಾಬ್ತು ಪ್ರತ್ಯೇಕವಾಗಿ ಕಾಣುತ್ತದೆ. ಅಂಗಡಿ ಬಾಡಿಗೆ, ವಿದ್ಯುತ್, ಹಮಾಲಿ ಎಲ್ಲಕ್ಕೂ ಒಂದೊಂದು ಬಾಬ್ತು ಇರುತ್ತದೆ. ಟೈರಿಗೆ ಮಾತ್ರ ಇರುವುದಿಲ್ಲ. ಅದು ‘ಇತರೆ ಖರ್ಚು’ ಎಂಬ ಸಾಲಿನಲ್ಲಿ ಅಡಗಿಬಿಡುತ್ತದೆ. ಸವೆದ ಟೈರು ದಾರಿಯಲ್ಲಿ ಕೈಕೊಟ್ಟ ದಿನ ಎದುರಿಗೆ ಸಿಕ್ಕ ಅಂಗಡಿಯಲ್ಲಿ, ಅಲ್ಲಿದ್ದ ಟೈರನ್ನು, ಹೇಳಿದ ಬೆಲೆಗೆ ಹಾಕಿಸಿಕೊಂಡು ಬರುವುದು ವಾಡಿಕೆಯಾಗಿದೆ. ಸರಕು ಕೊಳ್ಳುವಾಗ ನಾಲ್ಕು ಕಡೆ ದರ ವಿಚಾರಿಸುವ ವರ್ತಕನೇ ಟೈರಿನ ವಿಷಯದಲ್ಲಿ ಹೀಗೆ ನಡೆದುಕೊಳ್ಳುವುದು ವಿಚಿತ್ರವಾದರೂ ನಿಜ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ ಮೇಲೆ ಕೋಲಾರ ಚಿನ್ನದ ಗಣಿ ಪ್ರದೇಶದ ಜೀವನೋಪಾಯದ ಸ್ವರೂಪವೇ ಬದಲಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲಿನಲ್ಲಿ ನಿತ್ಯ ಓಡಾಡಿ ದುಡಿಯುವವರು ಒಂದು ಕಡೆಯಾದರೆ, ಊರಲ್ಲೇ ಉಳಿದು ಸಣ್ಣ ವ್ಯಾಪಾರ, ಸಣ್ಣ ವರ್ಕ್‌ಶಾಪು ನಡೆಸುವವರು ಇನ್ನೊಂದು ಕಡೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಬಂಗಾರಪೇಟೆಯಿಂದ ಅಕ್ಕಿ ತರುವುದಿರಲಿ, ಬೇತಮಂಗಲ, ಕಾಮಸಮುದ್ರ, ಬೂದಿಕೋಟೆಗಳಿಗೆ ಸಾಮಾನು ಮುಟ್ಟಿಸುವುದಿರಲಿ, ಲಾರಿ ಅಥವಾ ಆಟೊ ಹಿಡಿಯುವಷ್ಟು ವಹಿವಾಟಿಲ್ಲದವರಿಗೆ ಮೋಟಾರ್ ಸೈಕಲ್ಲು ಅಥವಾ ಟಿವಿಎಸ್ ಎಕ್ಸ್ಎಲ್ ಮೊಪೆಡ್ಡೇ ಆಧಾರ. ಆ ವಾಹನ ನೆಲಕ್ಕೆ ತಾಗುವುದು ಅಂಗೈಯಗಲದ ಎರಡು ರಬ್ಬರ್ ತುಂಡುಗಳ ಮೇಲೆ. ಆದ್ದರಿಂದ ಟೈರನ್ನು ಸ್ವತಃ ಆರಿಸಿ ಕೊಳ್ಳುವುದು ಹೇಗೆ, ಸ್ವತಃ ಜೋಡಿಸಿಕೊಳ್ಳುವುದು ಎಷ್ಟರ ಮಟ್ಟಿಗೆ ಸಾಧು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಮೊದಲೇ ಹೇಳಿಬಿಡುವುದಾದರೆ, ಉಳಿತಾಯದ ಹೆಚ್ಚಿನ ಪಾಲು ಇರುವುದು ಖರೀದಿಯಲ್ಲಿ. ಜೋಡಣೆಯ ಕೂಲಿಯಲ್ಲಿ ಉಳಿಯುವುದು ಅಲ್ಪ. ಅದನ್ನು ಎಲ್ಲ ವಾಹನಗಳಲ್ಲೂ ಉಳಿಸಲು ಹೋಗಬಾರದು.

ಬೆಲೆಯಲ್ಲ, ಕಿಲೋಮೀಟರಿನ ದರ

ಟೈರಿನ ಬೆಲೆ ಹೋಲಿಸುವವರು ಸಾಮಾನ್ಯವಾಗಿ ಅಂಗಡಿಯಲ್ಲಿ ಕೊಡುವ ಹಣವನ್ನಷ್ಟೇ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಪ್ರತಿ ಕಿಲೋಮೀಟರಿಗೆ ಬೀಳುವ ಖರ್ಚನ್ನು. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳೋಣ. ಒಂದು ಹಿಂಬದಿ ಟೈರಿಗೆ 1,400 ರೂಪಾಯಿ. ಅದು 18,000 ಕಿ.ಮೀ. ಬಾಳುತ್ತದೆ. ಇನ್ನೊಂದಕ್ಕೆ 1,900 ರೂಪಾಯಿ. ಅದು 30,000 ಕಿ.ಮೀ. ಬಾಳುತ್ತದೆ. ಮೊದಲನೆಯದಕ್ಕೆ ಕಿಲೋಮೀಟರಿಗೆ ಸುಮಾರು 7.8 ಪೈಸೆ ಬಿದ್ದರೆ ಎರಡನೆಯದಕ್ಕೆ 6.3 ಪೈಸೆ ಬೀಳುತ್ತದೆ. ದಿನಕ್ಕೆ 50 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಾಡುವ ವರ್ತಕನಿಗೆ 15,000 ಕಿ.ಮೀ. ಆಗುತ್ತದೆ. ವ್ಯತ್ಯಾಸ ವರ್ಷಕ್ಕೆ 217 ರೂಪಾಯಿ. ಇದು ದೊಡ್ಡ ಮೊತ್ತವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಬೇಗ ಸವೆಯುವ ಟೈರನ್ನು ಬೇಗ ಬದಲಿಸಬೇಕು. ಪ್ರತಿ ಬದಲಾವಣೆಗೂ ಜೋಡಣೆಯ ಕೂಲಿ ಮತ್ತು ಅರ್ಧ ದಿನದ ವ್ಯಾಪಾರ ಹೋಗುತ್ತದೆ. ಅದನ್ನು ಸೇರಿಸಿದಾಗ ಅಗ್ಗದ ಟೈರು ಅಗ್ಗವಾಗಿ ಉಳಿಯುವುದಿಲ್ಲ.

ಈ ಲೆಕ್ಕಕ್ಕೆ ಬೇಕಾದ ಅಂಕಿಯನ್ನು ಯಾವ ಕಂಪನಿಯೂ ನಿಮಗೆ ಕೊಡಲಾರದು. ಭಾರ, ರಸ್ತೆ, ಗಾಳಿಯ ಒತ್ತಡ, ಬ್ರೇಕು ಹಾಕುವ ರೀತಿ ಇವುಗಳನ್ನು ಅನುಸರಿಸಿ ಒಂದೇ ಟೈರು ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಬಾಳುತ್ತದೆ. ಟೈರು ಹಾಕಿಸಿದ ದಿನ ಮೀಟರಿನಲ್ಲಿದ್ದ ಕಿಲೋಮೀಟರನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಎರಡನೆಯ ಖರೀದಿಯ ಹೊತ್ತಿಗೆ ನಿಮ್ಮದೇ ಅಂಕಿ ನಿಮ್ಮ ಕೈಯಲ್ಲಿರುತ್ತದೆ.

ತೆರಿಗೆಯ ಬಗ್ಗೆಯೂ ಒಂದು ಮಾತು. 2017ರಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ ದ್ವಿಚಕ್ರ ವಾಹನಗಳ ಹೊಸ ಟೈರಿನ ಮೇಲೆ ಶೇ. 28ರ ದರ ವಿಧಿಸಲಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ತೆರಿಗೆರಹಿತ ಬೆಲೆ 1,500 ರೂಪಾಯಿ ಇದ್ದ ಟೈರಿಗೆ ಹಿಂದೆ 1,920 ರೂಪಾಯಿ ಕೊಡಬೇಕಾಗಿದ್ದರೆ, ಅದೇ ಬೆಲೆಗೆ ಹೊಸ ದರದಲ್ಲಿ 1,770 ರೂಪಾಯಿ ಆಗುತ್ತದೆ. ‘ಬಿಲ್ಲು ಬೇಡವೆಂದರೆ ಸ್ವಲ್ಪ ಬಿಟ್ಟುಕೊಡುತ್ತೇನೆ’ ಎಂಬ ಮಾತು ಬಂದಾಗ ಇದು ನೆನಪಿರಲಿ. ಬಿಲ್ಲಿಲ್ಲದ ಟೈರಿಗೆ ಕಂಪನಿಯ ಖಾತರಿ ಕೇಳುವುದು ಕಷ್ಟ, ವ್ಯಾಪಾರದ ಖರ್ಚೆಂದು ತೋರಿಸುವುದೂ ಕಷ್ಟ. ತೆರಿಗೆ ಜಮೆ ಪಡೆಯುವ ವಿಷಯದಲ್ಲಿ ಮಾತ್ರ, ಜನರ ಓಡಾಟಕ್ಕೆ ಬಳಸುವ ವಾಹನಗಳಿಗೆ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನ ನಿರ್ಬಂಧಗಳಿರುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಉಚಿತ.

ಟೈರಿನ ಮೈಮೇಲಿನ ಬರಹ

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಗಳನ್ನು ಓದಲು ಬಂದರೆ ಅರ್ಧ ಖರೀದಿ ಮುಗಿದಂತೆ. 80/100-18 ಎಂದಿದ್ದರೆ ಅಗಲ 80 ಮಿಲಿಮೀಟರ್, ಎತ್ತರ ಆ ಅಗಲದ ಶೇ. 100, ರಿಮ್ಮಿನ ವ್ಯಾಸ 18 ಅಂಗುಲ. ಹಳೆಯ ಪದ್ಧತಿಯಲ್ಲಿ 2.75-18 ಎಂದು ಅಗಲವನ್ನೂ ಅಂಗುಲದಲ್ಲೇ ಬರೆಯುತ್ತಿದ್ದರು. ಸ್ಪ್ಲೆಂಡರಿನಂತಹ ವಾಹನಗಳಲ್ಲಿ ವರ್ಷಕ್ಕನುಗುಣವಾಗಿ ಎರಡೂ ಬಗೆಯವು ಸಿಗುತ್ತವೆ. ವಾಹನದ ಕೈಪಿಡಿಯಲ್ಲಿ ಹೇಳಿದ ಅಳತೆಯನ್ನೇ ಕೊಳ್ಳತಕ್ಕದ್ದು. ಅಗಲವಾದ ಟೈರು ಹಾಕಿಸಿದರೆ ಗಾಡಿ ಗಂಭೀರವಾಗಿ ಕಾಣುತ್ತದೆಂಬ ಚಪಲ ಯುವಕರಲ್ಲಿದೆ. ಅದು ಚೈನ್ ಕವರಿಗೆ ಉಜ್ಜುವುದು, ಪೆಟ್ರೋಲು ಹೆಚ್ಚು ಕುಡಿಯುವುದು ಆಮೇಲೆ ತಿಳಿಯುತ್ತದೆ.

ಅಳತೆಯ ಪಕ್ಕದಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ವರ್ತಕರು ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಇದನ್ನು. ಅಂಕಿಯು ಆ ಟೈರು ಹೊರಬಲ್ಲ ಭಾರದ ಸೂಚ್ಯಂಕ, ಅಕ್ಷರವು ವೇಗದ ಮಿತಿ. 41 ಎಂದರೆ 145 ಕಿಲೋ, 47 ಎಂದರೆ 175 ಕಿಲೋ, 54 ಎಂದರೆ 212 ಕಿಲೋ. ‘ಎಲ್’ ಎಂದರೆ ಗಂಟೆಗೆ 120 ಕಿ.ಮೀ., ‘ಪಿ’ ಎಂದರೆ 150 ಕಿ.ಮೀ. ನಮ್ಮ ರಸ್ತೆಗಳಲ್ಲಿ ವೇಗದ ಮಿತಿ ಮುಟ್ಟುವ ಪ್ರಶ್ನೆ ಏಳುವುದಿಲ್ಲ. ಭಾರದ ಮಿತಿಯನ್ನು ಮಾತ್ರ ನಾವು ದಿನವೂ ಮೀರುತ್ತಿದ್ದೇವೆ.

ಎಕ್ಸ್ಎಲ್ ಮೊಪೆಡ್ಡಿಗೆ ಹಾಕುವ 2.50-16 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಅದರ ಮೇಲೆ 41 ಎಂದಿದ್ದರೆ ಮಿತಿ 145 ಕಿಲೋ. ಗಾಡಿಯ ತೂಕ ಸುಮಾರು 90 ಕಿಲೋ, ಸವಾರ 70 ಕಿಲೋ ಇರಲಿ. ಬಂಗಾರಪೇಟೆಯ ಅಕ್ಕಿ ಗಿರಣಿಯಿಂದ 50 ಕಿಲೋದ ಒಂದು ಮೂಟೆ ಹೇರಿದರೆ ಒಟ್ಟು 210 ಕಿಲೋ. ಅದರಲ್ಲಿ ಶೇ. 65ರಷ್ಟು ಹಿಂದಿನ ಚಕ್ರದ ಮೇಲೆ ಬಿದ್ದರೂ 137 ಕಿಲೋ ಆಗಿ ಮಿತಿಯೊಳಗೇ ಇರುತ್ತದೆ. ಎರಡು ಮೂಟೆ ಹೇರಿ, ಎರಡನ್ನೂ ಹಿಂದೆಯೇ ಕಟ್ಟಿದರೆ ಒಟ್ಟು 260 ಕಿಲೋ. ಹಿಂದಿನ ಚಕ್ರಕ್ಕೆ 170 ಕಿಲೋಗೂ ಹೆಚ್ಚು. ಒಂದನ್ನು ಮುಂದಿನ ಕಾಲಿನ ಜಾಗದಲ್ಲಿ ಇಟ್ಟುಕೊಂಡರೆ ಹಿಂದಿನ ಭಾರ ತಗ್ಗುವುದಾದರೂ ಮಿತಿಯೊಳಗೆ ಬರುವುದು ಅನುಮಾನ. ಇಂತಹ ಹೊರೆಯಲ್ಲಿ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯೇರುತ್ತದೆ, ಒಳಗಿನ ನೂಲಿನ ಪದರಗಳು ಬಿಟ್ಟುಕೊಳ್ಳುತ್ತವೆ. ಮೇಲುಮೈ ಇನ್ನೂ ಸವೆದಿರುವುದಿಲ್ಲ, ಪಕ್ಕದಲ್ಲಿ ಗುಳ್ಳೆ ಎದ್ದಿರುತ್ತದೆ. ‘ಟೈರು ಸರಿಯಿಲ್ಲ’ ಎಂದು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವ ಮುನ್ನ ಮೂಟೆಯ ಲೆಕ್ಕ ಹಾಕುವುದು ನ್ಯಾಯ.

ತಯಾರಾದ ದಿನಾಂಕವೂ ಟೈರಿನ ಮೇಲೆಯೇ ಇರುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3224 ಎಂದಿದ್ದರೆ 2024ರ 32ನೇ ವಾರ. ಓಡದೆ ಇಟ್ಟ ಟೈರೂ ಮುದಿಯಾಗುತ್ತದೆ. ಅಂಗಡಿಯ ಮುಂದೆ ಜಾಹೀರಾತಿನಂತೆ ಬಿಸಿಲಿಗೆ ನೇತುಹಾಕಿದ ಟೈರಂತೂ ಇನ್ನೂ ಬೇಗ ಗಟ್ಟಿಯಾಗುತ್ತದೆ. ಒಳಗೆ ನೆರಳಿನಲ್ಲಿಟ್ಟ, ಒಂದು ವರ್ಷದೊಳಗಿನ ಸರಕನ್ನು ಕೇಳಿ ಪಡೆಯಿರಿ. ಹಳೆಯ ಸರಕನ್ನು ಕೊಳ್ಳಲೇಬೇಕಾದರೆ ಆ ನಾಲ್ಕು ಅಂಕಿಗಳನ್ನು ತೋರಿಸಿ ದರ ಇಳಿಸಿಕೊಳ್ಳಬಹುದು. ಐಎಸ್‌ಐ ಗುರುತು ಕಡ್ಡಾಯ. ಟೈರು ಟ್ಯೂಬುಗಳ ಗುಣಮಟ್ಟ ನಿಯಂತ್ರಣ ಆದೇಶ 2009ರಲ್ಲಿ ಹೊರಬಿದ್ದಿದ್ದು, ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳ ಟೈರಿಗೆ ಐಎಸ್ 15627, ಟ್ಯೂಬಿಗೆ ಐಎಸ್ 13098 ಎಂಬ ಮಾನಕಗಳು ಅನ್ವಯಿಸುತ್ತವೆ.

ಸವೆದ ಟೈರಿಗೆ ಮತ್ತೆ ಗೆರೆ ಕೊರೆದು, ಕಪ್ಪು ಬಣ್ಣ ಬಳಿದು ಅರ್ಧ ಬೆಲೆಗೆ ಮಾರುವುದುಂಟು. ಕೊರೆದಷ್ಟೂ ರಬ್ಬರು ತೆಳುವಾಗಿ ನೂಲು ಹತ್ತಿರವಾಗುತ್ತದೆ. ಟೈರಿನ ಗೆರೆಯೊಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಅದು ಸವೆತದ ಸೂಚಕ. ಮೇಲುಮೈ ಸವೆದು ಆ ಉಬ್ಬಿಗೆ ಸಮವಾದರೆ ಟೈರಿನ ಆಯುಷ್ಯ ಮುಗಿದಂತೆ. ಗೆರೆ ಕೊರೆದ ಟೈರಿನಲ್ಲಿ ಈ ಉಬ್ಬು ಕಾಣುವುದಿಲ್ಲ ಅಥವಾ ಅದನ್ನೂ ಕೊರೆದಿರುತ್ತಾರೆ. ಬಜೆಟ್ಟು ಎಷ್ಟೇ ಬಿಗಿಯಾಗಿರಲಿ, ಮುಂದಿನ ಚಕ್ರಕ್ಕೆ ಇಂತಹದನ್ನು ಹಾಕಬಾರದು. ಹಿಂದಿನ ಟೈರು ಕೈಕೊಟ್ಟರೆ ಗಾಡಿ ಓಲಾಡುತ್ತದೆ, ಮುಂದಿನದು ಕೈಕೊಟ್ಟರೆ ಸವಾರ ನೆಲದ ಮೇಲಿರುತ್ತಾನೆ.

ಎಲ್ಲಿ ಕೊಳ್ಳಬೇಕು

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಅಗ್ಗ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬೇರೆ ಕೆಲಸಕ್ಕೆ ಹೋದವರು ತಂದರೆ ಸರಿ. ಒಂದು ಟೈರಿಗಾಗಿಯೇ ಹೋದರೆ ಉಳಿಸಿದ ಹಣಕ್ಕಿಂತ ಕಳೆದ ದಿನದ ಬೆಲೆ ಹೆಚ್ಚು. ಆನ್‌ಲೈನಿನಲ್ಲಿ ದರ ನೋಡಿಕೊಳ್ಳುವುದು ಒಳ್ಳೆಯದು, ಸ್ಥಳೀಯ ಅಂಗಡಿಯಲ್ಲಿ ಮಾತಾಡಲು ಅದೊಂದು ಆಧಾರ. ಆದರೆ ಅಲ್ಲಿ ತಯಾರಿಕೆಯ ವಾರವನ್ನು ಕಣ್ಣಾರೆ ನೋಡಿ ಆರಿಸುವ ಅವಕಾಶವಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಉತ್ತಮ ಮಾರ್ಗವೆಂದರೆ ಒಂದೇ ಬೀದಿಯ ನಾಲ್ಕೈದು ವರ್ತಕರು ತಮಗೆ ಬೇಕಾದ ಅಳತೆಗಳನ್ನು ಒಟ್ಟಿಗೆ ಬರೆದು ರಾಬರ್ಟ್‌ಸನ್‌ಪೇಟೆ ಅಥವಾ ಬಂಗಾರಪೇಟೆಯ ಒಬ್ಬ ಮಾರಾಟಗಾರರ ಬಳಿ ಒಂದೇ ಬಾರಿಗೆ ದರ ಕೇಳುವುದು. ಎಂಟು ಹತ್ತು ಟೈರಿನ ಗಿರಾಕಿಗೆ ಸಿಗುವ ದರ ಒಂದು ಟೈರಿನ ಗಿರಾಕಿಗೆ ಸಿಗುವುದಿಲ್ಲ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಮಾರಾಟಗಾರರಿಗೂ ಹಳೆಯ ದಾಸ್ತಾನು ಉಳಿಯುವುದಿಲ್ಲ.

ಮನೆಯಲ್ಲೇ ಜೋಡಣೆ: ಯಾವುದಕ್ಕೆ ಕೈ ಹಾಕಬಹುದು

ಸ್ಪೋಕ್ ಕಡ್ಡಿಗಳಿರುವ, ಟ್ಯೂಬು ಹಾಕುವ ಚಕ್ರಕ್ಕೆ ಮಾತ್ರ ಮನೆಯಲ್ಲಿ ಕೈ ಹಾಕಬಹುದು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರನ್ನು ಯಂತ್ರವಿರುವ ಅಂಗಡಿಗೇ ಬಿಡತಕ್ಕದ್ದು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುವುದು ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಒತ್ತಿಕೊಂಡಿರುವುದರಿಂದ. ಲಿವರು ಜಾರಿ ರಿಮ್ಮಿನ ಆ ಜಾಗದಲ್ಲಿ ಗೀರು ಬಿದ್ದರೆ ಗಾಳಿ ಸದಾ ಸೋರುತ್ತಿರುತ್ತದೆ. ಅಂಚನ್ನು ಕೂರಿಸಲು ಒಮ್ಮೆಲೇ ರಭಸದ ಗಾಳಿ ಬೇಕು, ಅದು ಕೈಪಂಪಿನಿಂದ ಆಗುವ ಕೆಲಸವಲ್ಲ. ಮಿತಿಮೀರಿ ಗಾಳಿ ತುಂಬಿದರೆ ಟೈರು ಸಿಡಿದು ಕೈಗೆ ಗಾಯವಾಗುವ ಸಂಭವವೂ ಇದೆ. ಸ್ಕೂಟರಿನ ಹಿಂದಿನ ಚಕ್ರ ಬಿಚ್ಚಲು ಸೈಲೆನ್ಸರನ್ನು ಕಳಚಬೇಕಾಗುವುದರಿಂದ ಅದೂ ಅಂಗಡಿಯ ಕೆಲಸವೇ.

ಟ್ಯೂಬ್‌ಲೆಸ್ ಟೈರಿನ ಉಪಯೋಗವನ್ನು ಇದರಿಂದ ಅಲ್ಲಗಳೆದಂತಾಗಲಿಲ್ಲ. ಜಲ್ಲಿ ಲಾರಿಗಳಿಂದ ಉದುರಿದ ಚೂಪು ಕಲ್ಲು, ದಾರಿಬದಿಯ ಜಾಲಿಮುಳ್ಳು ಇರುವ ನಮ್ಮ ರಸ್ತೆಗಳಲ್ಲಿ ಅದು ಒಳ್ಳೆಯದೇ. ಮುಳ್ಳು ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಊರು ಸೇರಬಹುದು. ಸ್ಪೋಕ್ ಚಕ್ರದಲ್ಲಾದರೆ ಪ್ರತಿ ಕಡ್ಡಿಯ ಬುಡದಲ್ಲೂ ತೂತು ಇರುವುದರಿಂದ ಟ್ಯೂಬಿಲ್ಲದೆ ಗಾಳಿ ನಿಲ್ಲುವುದಿಲ್ಲ.

ಬೇಕಾಗುವ ಸಲಕರಣೆಗಳು: ಅಡಿಯುದ್ದದ ಮೂರು ಟೈರ್ ಲಿವರು, ವಾಹನಕ್ಕೆ ಹೊಂದುವ ಸ್ಪ್ಯಾನರುಗಳು, ಮೀಟರಿರುವ ಪಂಪು, ಸೋಪಿನ ನೀರು, ಟ್ಯೂಬಿಗೆ ಹಚ್ಚುವ ಬಿಳಿ ಪುಡಿ. ಲಿವರಿನ ತುದಿ ನಯವಾಗಿ, ಗುಂಡಗಿರಬೇಕು. ಸ್ಕ್ರೂ ಡ್ರೈವರನ್ನು ಬಳಸಿದರೆ ಟ್ಯೂಬು ಹರಿಯುವುದು ಖಂಡಿತ. (ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಕೆ.ಜಿ.ಎಫ್.ನಲ್ಲಿ ಎಂದೂ ಕೊರತೆಯಿರಲಿಲ್ಲ. ಒಳ್ಳೆಯ ಉಕ್ಕಿನಿಂದ ಇಂತಹ ಲಿವರುಗಳನ್ನೂ, ಟೈರಿನ ಅಂಚು ಬಿಡಿಸುವ ಸರಳ ಉಪಕರಣವನ್ನೂ ಸಣ್ಣ ವರ್ಕ್‌ಶಾಪಿನವರು ತಯಾರಿಸಿ ಸುತ್ತಲಿನ ಪಂಕ್ಚರ್ ಅಂಗಡಿಗಳಿಗೆ ಒದಗಿಸುವ ಬಗ್ಗೆ ಯೋಚಿಸಬಹುದು.)

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಚಕ್ರವಾದರೆ ಬ್ರೇಕಿನ ಸರಳು, ಬ್ರೇಕ್ ತಟ್ಟೆಯನ್ನು ಹಿಡಿದಿಡುವ ಪಟ್ಟಿ, ಚೈನಿನ ಹೊಂದಾಣಿಕೆ, ಆಕ್ಸಲಿನ ನಟ್ಟು ಈ ಕ್ರಮದಲ್ಲಿ ಬಿಚ್ಚಬೇಕು. ಬಿಚ್ಚಿದ ವಾಷರು, ಬುಷ್ಷುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟರೆ ಮರಳಿ ಜೋಡಿಸುವಾಗ ತಲೆನೋವಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಗಾಳಿಯನ್ನು ಪೂರ್ತಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ತುಳಿದು ರಿಮ್ಮಿನಿಂದ ಬಿಡಿಸಬೇಕು. ಬಿಚ್ಚುವಾಗ ವಾಲ್ವಿನ ಬಳಿಯಿಂದ ಪ್ರಾರಂಭಿಸಿ, ಎದುರು ಬದಿಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದರೆ ಈ ಕಡೆ ಸಡಿಲ ಸಿಗುತ್ತದೆ. ಈ ಕೆಲಸದ ಗುಟ್ಟೆಲ್ಲ ಆ ತಗ್ಗಿನಲ್ಲಿದೆ. ಬಲ ಹಾಕಿ ಒದ್ದಾಡುವವರು ಅದನ್ನು ಮರೆತಿರುತ್ತಾರೆ.

ಹೊಸ ಟೈರು ಹಾಕುವ ಮೊದಲು ಕಡ್ಡಿಗಳ ಬುಡವನ್ನು ಮುಚ್ಚುವ ರಬ್ಬರ್ ಪಟ್ಟಿ ಸರಿಯಿದೆಯೇ, ರಿಮ್ಮಿಗೆ ತುಕ್ಕು ಹಿಡಿದಿದೆಯೇ ನೋಡಿ. ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿ. ಓಡಿ ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬೀಳುತ್ತದೆ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿರುತ್ತದೆ, ಅದು ಮುಂದಕ್ಕೆ ಚಲಿಸುವ ದಿಕ್ಕಿಗೆ ಇರಬೇಕು. ಹಳದಿ ಚುಕ್ಕೆಯಿದ್ದರೆ ಅದನ್ನು ವಾಲ್ವಿನ ನೇರಕ್ಕೆ ತರುವುದು ರೂಢಿ. ಅಂಚಿಗೆ ಸೋಪಿನ ನೀರನ್ನಷ್ಟೇ ಹಚ್ಚಬೇಕು. ಇಂಜಿನ್ ಆಯಿಲು, ಗ್ರೀಸು ರಬ್ಬರನ್ನು ತಿನ್ನುತ್ತವೆ. ಒಂದು ಬದಿಯ ಅಂಚನ್ನು ಒಳಗೆ ಕೂರಿಸಿ, ಟ್ಯೂಬಿಗೆ ಪುಡಿ ಹಚ್ಚಿ, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡಬೇಕು. ಇನ್ನೊಂದು ಬದಿಯನ್ನು ವಾಲ್ವಿನ ಎದುರಿನಿಂದ ಪ್ರಾರಂಭಿಸಿ ವಾಲ್ವಿನ ಬಳಿ ಮುಗಿಸಬೇಕು. ಕೊನೆಯ ಹಂತದಲ್ಲಿ ವಾಲ್ವನ್ನು ಒಳಕ್ಕೆ ತಳ್ಳಿ ನೋಡಿದರೆ ಅಂಚಿನಡಿ ಟ್ಯೂಬು ಸಿಕ್ಕಿಕೊಂಡಿದೆಯೇ ತಿಳಿಯುತ್ತದೆ.

ಈ ಲೇಖಕನ ಮೊದಲ ಪ್ರಯತ್ನದಲ್ಲಿ ಕೊನೆಯ ಹಂತವನ್ನು ಅವಸರದಿಂದ ಮುಗಿಸಿದ್ದರಿಂದ ಮಾರನೆಯ ಬೆಳಿಗ್ಗೆ ಚಕ್ರ ನೆಲಕಚ್ಚಿತ್ತು. ಹೊಸ ಟ್ಯೂಬಿನ ಮೇಲೆ ಹಾವು ಕಚ್ಚಿದಂತೆ ಜೋಡಿ ಗಾಯಗಳಿದ್ದವು, ಲಿವರಿನ ಕೆಲಸ. ಉಳಿಸಿದ ಕೂಲಿ ಇನ್ನೊಂದು ಟ್ಯೂಬಿಗೆ ಹೋಯಿತು. ಪಂಕ್ಚರ್ ಅಂಗಡಿಯವರು ನಗಲಿಲ್ಲ, ಅಷ್ಟೇ ಸಮಾಧಾನ. ಲಿವರಿನಿಂದ ಟೈರಿನ ಅಂಚಿಗೇ ಗಾಯವಾದರೆ ನಷ್ಟ ಇನ್ನೂ ದೊಡ್ಡದು. ಅದು ತಯಾರಿಕೆಯ ದೋಷವಲ್ಲವಾದ್ದರಿಂದ ಖಾತರಿಯೂ ಅನ್ವಯಿಸುವುದಿಲ್ಲ.

ಗಾಳಿ ತುಂಬಿದ ಮೇಲೆ ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮಾನಾಂತರವಾಗಿರುವ ತೆಳು ಗೆರೆಯನ್ನು ಸುತ್ತಲೂ ನೋಡಿ. ಎಲ್ಲ ಕಡೆಯೂ ಸಮದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ. ಇಲ್ಲವಾದರೆ ಗಾಳಿ ಇಳಿಸಿ, ಸೋಪಿನ ನೀರು ಹಚ್ಚಿ ಮತ್ತೆ ತುಂಬಬೇಕು. ಒತ್ತಡ ಎಷ್ಟಿರಬೇಕೆಂಬುದು ವಾಹನದ ಮೇಲಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಒಬ್ಬರಿಗೆ, ಇಬ್ಬರಿಗೆ ಎಂದು ಬೇರೆ ಬೇರೆಯಾಗಿ ಇರುತ್ತದೆ. ಸರಕು ಹೇರುವವರು ಇಬ್ಬರ ಅಂಕಿಯನ್ನೇ ಅನುಸರಿಸಬೇಕು. ಬೆಳಿಗ್ಗೆ ಗಾಡಿ ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ಅಳೆದದ್ದೇ ಸರಿಯಾದ ಅಳತೆ.

ಚಕ್ರವನ್ನು ಮರಳಿ ಕೂರಿಸುವಾಗ ಒಂದನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಬ್ರೇಕ್ ತಟ್ಟೆಯನ್ನು ಹಿಡಿದಿಡುವ ಪಟ್ಟಿಯ ಬೋಲ್ಟು ಮತ್ತು ಅದರ ಪಿನ್ನನ್ನು ಹಾಕಲು ಮರೆಯಕೂಡದು. ಮರೆತರೆ ಮೊದಲ ಜೋರಾದ ಬ್ರೇಕಿಗೆ ತಟ್ಟೆಯೇ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ. ಮುಂದಿನ ಚಕ್ರದಲ್ಲಿ ಬ್ರೇಕ್ ತಟ್ಟೆಯ ಗಾಡಿ ಫೋರ್ಕಿನ ಗೂಟಕ್ಕೆ ಸರಿಯಾಗಿ ಕೂರಬೇಕು. ಚೈನಿನ ಎರಡೂ ಬದಿಯ ಗುರುತುಗಳು ಸಮನಾಗಿರಬೇಕು. ಆಕ್ಸಲ್ ನಟ್ಟಿನ ಬಿಗಿತದ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಗಾಡಿಯನ್ನು ನಿಧಾನವಾಗಿ ಹತ್ತಿರದ ಮೆಕ್ಯಾನಿಕ್ಕಿನ ಬಳಿ ಒಯ್ದು ತೋರಿಸುವುದರಲ್ಲಿ ಸಂಕೋಚ ಬೇಡ. ಚಕ್ರವನ್ನು ಮನೆಯಲ್ಲೇ ಬಿಚ್ಚಿ, ಟೈರು ಬದಲಿಸಲು ಮಾತ್ರ ಪಂಕ್ಚರ್ ಅಂಗಡಿಗೆ ಒಯ್ಯುವ ಮಧ್ಯಮಾರ್ಗವೂ ಉಂಟು. ಮೊದಲ ಬಾರಿಗೆ ಅದೇ ಮೇಲು. ಅವರು ಲಿವರು ಹಿಡಿಯುವ ರೀತಿಯನ್ನು ಪಕ್ಕದಲ್ಲಿ ನಿಂತು ನೋಡಿದರೆ ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹೊಸ ಟೈರಿನ ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ನಯವಾದ ಪದರ ಉಳಿದಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರು ತಿರುವುಗಳಲ್ಲಿ ನಿಧಾನವಾಗಿ ಹೋಗಬೇಕು, ಆ ದಿನಗಳಲ್ಲಿ ಮೂಟೆ ಹೇರದಿದ್ದರೆ ಒಳ್ಳೆಯದು. ಮಾರನೆಯ ದಿನ ಗಾಳಿಯನ್ನೂ ಆಕ್ಸಲ್ ನಟ್ಟನ್ನೂ ಮತ್ತೊಮ್ಮೆ ಪರೀಕ್ಷಿಸಿ. ಕಳಚಿದ ಹಳೆಯ ಟೈರನ್ನು ಸುಡುವುದಾಗಲಿ ಹಿತ್ತಲಿನಲ್ಲಿ ಮಳೆನೀರು ನಿಂತು ಸೊಳ್ಳೆ ಬೆಳೆಯುವಂತೆ ಬಿಸಾಡುವುದಾಗಲಿ ಬೇಡ. ಹೊಸದನ್ನು ಕೊಂಡ ಅಂಗಡಿಗೇ ಒಯ್ದು, ಅದಕ್ಕೆ ಏನಾದರೂ ಬಿಟ್ಟುಕೊಡುತ್ತಾರೆಯೇ ಎಂದು ಬಿಲ್ಲು ಬರೆಸುವ ಮೊದಲೇ ಕೇಳಿ ನೋಡಬಹುದು.